ಏಳು ಹೊಸ್ತಿಲ ಮೀನು

ದುಃಖವನ್ನು ಅಳೆಯುವ ಯಂತ್ರವೊಂದು ಕೈಗೆ ಸಿಕ್ಕರೆ ಸರ್ಕಾರ ಏನು ಮಾಡುತ್ತದೆ? ಈ ದುಃಖ ಎಲ್ಲಿಂದ ಬಂತು ಎಂದು ಹುಡುಕಿಕೊಂಡು ಹೋಗುತ್ತದೆ ಎಂದು ನೀವು ಅಂದುಕೊಂಡಿದ್ದರೆ, ನೀವಿನ್ನೂ ಯಾವ ಸರ್ಕಾರಿ ಕಚೇರಿಯ ಮೆಟ್ಟಿಲನ್ನೂ ಹತ್ತಿಲ್ಲ. ಮೊದಲು ದುಃಖಕ್ಕೊಂದು ಅಂಕ ಕೊಡುತ್ತಾರೆ. ಆಮೇಲೆ ಪಾಸು ಯಾರು, ಫೇಲು ಯಾರು ಎಂದು ಬೇರೆ ಮಾಡುತ್ತಾರೆ. ಫೇಲಾದವರನ್ನು ಕಣ್ಣಿಗೆ ಕಾಣದ ಕಡೆ ಸಾಗಿಸುತ್ತಾರೆ.

ಬಾಗಲಕೋಟೆಯ ನವನಗರದಲ್ಲಿದ್ದ ನೆಮ್ಮದಿ ಮಂಡಳಿಯಲ್ಲಿ ಈ ಕೆಲಸ ನಾಲ್ಕು ವರ್ಷದಿಂದ ಬಹಳ ಅಚ್ಚುಕಟ್ಟಾಗಿ ನಡೆದಿತ್ತು. ಮಾಲ್ಡೀವ್ಸಿನ ದಕ್ಷಿಣದ ದ್ವೀಪಗಳು ಒಂದೊಂದಾಗಿ ನೀರಿನಡಿ ಹೋದ ಮೇಲೆ, ಅಲ್ಲಿಂದ ಜೀವ ಉಳಿಸಿಕೊಂಡು ಬಂದವರಲ್ಲಿ ಆರುನೂರ ಹನ್ನೆರಡು ಜನರನ್ನು ಎರಡು ವರ್ಷ ಬಂದರಿನ ಶೆಡ್ಡುಗಳಲ್ಲಿ ಕೊಳೆಹಾಕಿ, ಕೊನೆಗೆ ಘಟಪ್ರಭೆಯ ಹಿನ್ನೀರಿನ ದಂಡೆಗೆ ತಂದು ಇಳಿಸಿದ್ದರು. ಸಮುದ್ರದಿಂದ ದೂರ ಇಟ್ಟಷ್ಟೂ ಸಮುದ್ರವನ್ನು ಬೇಗ ಮರೆಯುತ್ತಾರೆ ಎಂದು ಯಾರೋ ತಜ್ಞರು ವರದಿ ಬರೆದಿದ್ದರಂತೆ. ಆ ಮಹಾನುಭಾವರು ತಮ್ಮ ಹೆತ್ತ ತಾಯಿಯನ್ನು ಎಷ್ಟು ಮೈಲಿ ದೂರ ಹೋಗಿ ಮರೆತಿದ್ದರೋ, ಕೇಳಿದವರಿಲ್ಲ.

ಬಂದವರೆಲ್ಲರ ಎಡಗಿವಿಯ ಹಿಂದೆ ಒಂದು ಬಿಲ್ಲೆ ಅಂಟಿಸಿದ್ದರು. ನಾಣ್ಯದಷ್ಟು ಅಗಲ, ಚರ್ಮದ ಬಣ್ಣ, ಸ್ನಾನ ಮಾಡಿದರೂ ಬೀಳುತ್ತಿರಲಿಲ್ಲ. ನಾಡಿ, ಬೆವರು, ನಿದ್ದೆ, ದಿನಕ್ಕೆ ಎಷ್ಟು ಮಾತು, ಆ ಮಾತಿನಲ್ಲಿ ಸ್ಥಳೀಯರೊಂದಿಗೆ ಎಷ್ಟು ಎಂಬುದನ್ನೆಲ್ಲ ಗಮನಿಸಿ ನೂರಕ್ಕೆ ಇಷ್ಟು ನೆಮ್ಮದಿ ಎಂದು ಅದು ಅಂಕ ಕೊಡುತ್ತಿತ್ತು. ಅದಕ್ಕೆ ಇನ್ನೊಂದು ಕೆಲಸವೂ ಇತ್ತು. ಅಳು ಬರುವ ಲಕ್ಷಣ ಕಂಡ ಕೂಡಲೇ ಕಿವಿಯ ಹಿಂದಿನ ನರಕ್ಕೆ ಸಣ್ಣದೊಂದು ವಿದ್ಯುತ್ ತರಂಗ ಬಿಟ್ಟು, ಎದೆಬಡಿತ ಇಳಿಸಿ, ಅಳುವನ್ನು ಅಲ್ಲೇ ಅಡಗಿಸುವುದು. ಇದಕ್ಕೆ ನೆಮ್ಮದಿ ತರಂಗ ಎಂದು ಹೆಸರು. ಅರವತ್ತು ದಾಟಿದವರಿಗೆ ವಾಸದ ಕಾರ್ಡು, ಕೆಲಸದ ಪರವಾನಗಿ. ತೊಂಬತ್ತು ದಿನ ನಲವತ್ತಕ್ಕಿಂತ ಕೆಳಗಿದ್ದರೆ ಇನ್ನೂರು ಕಿಲೋಮೀಟರ್ ಆಚೆಯ ವಿಶ್ರಾಂತಿ ಧಾಮ. ಮಕ್ಕಳಿದ್ದರೆ ಅವರು ಹಾಸ್ಟೆಲ್ಲಿಗೆ. ಹಾಗೆ ಹೋದ ಹದಿನೇಳು ಜನರಲ್ಲಿ ವಾಪಸು ಬಂದವರು ಇಬ್ಬರು. ಆ ಇಬ್ಬರೂ ಈಗ ಎಂಬತ್ತು ಅಂಕದ ಮೇಲಿದ್ದರು, ಮತ್ತು ತಮ್ಮ ಮಕ್ಕಳ ಹೆಸರು ಕೇಳಿದರೆ ಸ್ವಲ್ಪ ಯೋಚಿಸಿ ಹೇಳುತ್ತಿದ್ದರು.

ವೀಕ್ಷಣಾ ಕೊಠಡಿಯಲ್ಲಿ ಆರುನೂರ ಹನ್ನೆರಡು ಚುಕ್ಕೆಗಳ ಮುಂದೆ ಕೂರುತ್ತಿದ್ದವಳು ದಾಕ್ಷಾಯಣಿ ಬೀಳಗಿ. ಮನಶ್ಶಾಸ್ತ್ರ ಓದಿದ್ದಳು, ನಲವತ್ತರ ಹತ್ತಿರದ ವಯಸ್ಸು, ಜನರ ಸೇವೆ ಮಾಡುತ್ತೇನೆಂದು ನಂಬಿ ಸೇರಿದವಳು. ಕ್ಷೇತ್ರಾಧಿಕಾರಿಯೂ ಅವಳೇ ಆದದ್ದರಿಂದ ಅವಳ ಸಹಿ ಇಲ್ಲದೆ ಯಾರನ್ನೂ ಧಾಮಕ್ಕೆ ಕಳಿಸುವಂತಿರಲಿಲ್ಲ. ಹದಿನೇಳು ಸಲ ಸಹಿ ಮಾಡಿದ್ದಳು. ಆ ಮಾತು ಬಂದರೆ ಅವಳು ಚಹಾದ ಕಪ್ಪು ಎತ್ತಿಕೊಂಡು ಎದ್ದುಹೋಗುತ್ತಿದ್ದಳು.

ಆ ಸೋಮವಾರ ಬೆಳಿಗ್ಗೆ, ಅವಳ ರಾತ್ರಿ ಪಾಳಿ ಮುಗಿಯುವ ಹೊತ್ತಿಗೆ, ನಾಲ್ಕುನೂರ ಹದಿನೇಳನೆಯ ಚುಕ್ಕೆ ಕೆಂಪಾಯಿತು. ಹವ್ವಾ ದೀದಿ, ಮೂವತ್ತನಾಲ್ಕು ವರ್ಷ, ಗಂಡನಿಲ್ಲ, ಎಂಟು ವರ್ಷದ ಮಗಳು. ಮೂರು ತಿಂಗಳಿಂದ ಮೂವತ್ತೈದರ ಆಸುಪಾಸಿನಲ್ಲಿದ್ದ ಅಂಕ ಒಮ್ಮೆಲೇ ಇಪ್ಪತ್ತಮೂರಕ್ಕೆ ಕುಸಿದಿತ್ತು. ಪಕ್ಕದಲ್ಲಿ ಕಾರಣ: ‘ಸ್ಥಳೀಯರೊಂದಿಗೆ ಘರ್ಷಣೆ. ದೂರು ದಾಖಲು.’ ಶುಕ್ರವಾರಕ್ಕೆ ತೊಂಬತ್ತು ದಿನ ತುಂಬುತ್ತಿತ್ತು. ದೂರು ಕೊಟ್ಟವರು ಯಾರೆಂದು ದಾಕ್ಷಾಯಣಿ ತೆರೆದು ನೋಡಿದಳು. ಈರವ್ವ ಬೀಳಗಿ, ನವನಗರ, ಹಿನ್ನೀರಿನ ಕಡೆಯ ಮೊದಲ ಸಾಲು. ಅವಳ ಸ್ವಂತ ತಾಯಿ.

ಮನೆಗೆ ಹೋಗುವಷ್ಟರಲ್ಲಿ ಈರವ್ವ ಹೊಸ್ತಿಲನ್ನು ಮೂರನೆಯ ಸಲ ತೊಳೆಯುತ್ತಿದ್ದಳು. ಎಪ್ಪತ್ತು ವರ್ಷದ ಮುದುಕಿ, ಕೊರಳಲ್ಲಿ ಲಿಂಗ, ಬಾಯಲ್ಲಿ ಬೆಂಕಿ.

“ಮುಂಜಾನಿ ಎದ್ದು ರಂಗೋಲಿ ಹಾಕೂಣು ಅಂತ ಬಾಗಲಾ ತಗದ್ರ ಹೊಸ್ತಲದ ಮ್ಯಾಲ ಮೀನು! ಹಸೀ ಮೀನು! ನನ್ನ ಮಾರಿ ಮಾರಿನ ನೋಡಾಕತ್ತಿತ್ತು ದಾಕ್ಷಾ, ಕಣ್ಣು ಪಿಳಿ ಅನ್ನದಂಗ. ಒದರಿಕೊಂಡು ಬಿದ್ದೆ ನೋಡು. ಬರೇ ನಮ್ಮನಿಗೆ ಅಷ್ಟ ಅಲ್ಲ, ಸಾಲಿನ್ಯಾಗ ಏಳು ಮನಿಗೆ ಇಟ್ಟಾರ. ಪಾಟೀಲರ ಸೊಸಿ ಅಂತೂ ಮಾಟ ಮಾಡಿಸ್ಯಾರ ಅಂತ ತವರಮನಿಗೆ ಫೋನ ಹಚ್ಚಿದ್ಲು.”

“ಯವ್ವಾ, ಯಾರಿಟ್ಟದ್ದು ಅಂತ ನೋಡಿದೇನು?”

“ಆ ದ್ವೀಪದ ಹೆಣ್ಣಮಗಳು. ಓಡೂದು ಕಂಡೆ. ಅದಕ್ಕ ನಿಮ್ಮ ಆಫೀಸಿಗೆ ಫೋನ ಮಾಡಿ ಹೇಳಿದೆ. ಯಾಕ, ತಪ್ಪಾತೇನು?”

ತಪ್ಪು ಎಂದು ದಾಕ್ಷಾಯಣಿಗೆ ಅನ್ನಿಸಲಿಲ್ಲ. ಸಾತ್ವಿಕ ಮನೆಯ ಹೊಸ್ತಿಲಿಗೆ ಮೀನು ಬಂದರೆ ಯಾರಾದರೂ ಕೂಗಾಡುವವರೇ. ಆದರೆ ಹವ್ವಾ ಕೆಟ್ಟವಳಲ್ಲ ಎಂಬುದೂ ಅವಳಿಗೆ ಗೊತ್ತಿತ್ತು. ಮಾತೇ ಆಡದ, ಕಸ ಗುಡಿಸಿದರೆ ಎರಡು ಸಲ ಗುಡಿಸುವ ಹೆಂಗಸು. ಅಂಥವಳು ಹೊತ್ತು ಹುಟ್ಟುವ ಮೊದಲು ಎರಡು ಕಿಲೋಮೀಟರ್ ನಡೆದು ಬಂದು ಏಳು ಮನೆಗೆ ಮೀನು ಇಟ್ಟು ಓಡಿದ್ದೇಕೆ?

ಮಂಗಳವಾರ ಸಂಜೆ ಅದನ್ನು ಕೇಳಲೆಂದೇ ದ್ವೀಪದವರ ಕಾಲೊನಿಗೆ ಹೋದಳು. ತಗಡಿನ ಸಾಲುಮನೆಗಳ ಹಿಂದೆ, ಹಿನ್ನೀರಿಗೆ ಮುಖಮಾಡಿ, ಕಬ್ಬಿಣದ ಕೊಳವೆಗಳಿಗೆ ಹಗ್ಗದ ಬಲೆ ಬಿಗಿದು ಮಾಡಿದ ಆಸನಗಳಿದ್ದವು. ಒಂಬತ್ತು ಹೆಂಗಸರು ಅವುಗಳಲ್ಲಿ ಕೂತು ನೀರು ನೋಡುತ್ತಿದ್ದರು. ಒಬ್ಬರೂ ಮಾತಾಡುತ್ತಿರಲಿಲ್ಲ. ದಿನಾ ನಾಲ್ಕರಿಂದ ಆರರವರೆಗಿನ ಈ ಕೂರುವಿಕೆಯನ್ನು ಬಿಲ್ಲೆ ‘ಒಂಟಿತನದ ಅವಧಿ’ ಎಂದು ಗುರುತಿಸುತ್ತಿತ್ತು. ಒಂಬತ್ತು ಜನ ಭುಜಕ್ಕೆ ಭುಜ ತಾಗಿಸಿ ಕೂತದ್ದು ಒಂಟಿತನ ಹೇಗಾಗುತ್ತದೆ ಎಂದು ಬಿಲ್ಲೆಯನ್ನು ಕೇಳುವಂತಿರಲಿಲ್ಲ.

ಹವ್ವಾ ಎದ್ದು ಬಂದಳು. ಸಂತೆಯಲ್ಲಿ ತರಕಾರಿ ಮಾರುವವರಿಂದ ಕಲಿತ ಕನ್ನಡ ಅವಳದು.

“ಅಕ್ಕಾರ, ನಿಮ್ಮ ಅವ್ವಗ ಭಾಳ ಸಿಟ್ಟು?”

“ಸಿಟ್ಟೇನು, ಇಡೀ ಓಣಿಗೆ ಗಂಜಳ ಹೊಡಿಸ್ಯಾಳ. ಯಾಕ ಇಟ್ಟಿ ಹವ್ವಾ ಮೀನು? ಅವರು ಮೀನು ತಿನ್ನಂಗಿಲ್ಲ ಅನ್ನೂದು ಗೊತ್ತಿಲ್ಲೇನು?”

ಹವ್ವಾಳ ಮುಖ ಸಣ್ಣದಾಯಿತು. “ತಿನ್ನಂಗಿಲ್ಲ? ಅಂಥ ಮನಿ ಇರ್ತಾವ? ನಮ್ಮ ಕಡೆ ಮೀನ ಇಲ್ಲದ ಮನಿನ ಇಲ್ಲ ಅಕ್ಕಾರ. ಮೀನಂದ್ರ ಅನ್ನ.” ಇಷ್ಟು ಹೇಳಿ ತಲೆ ಬಗ್ಗಿಸಿದಳು. ಆಮೇಲೆ ಬಾಯಿ ಬಿಟ್ಟಳು. ದ್ವೀಪದವರ ನಾಲ್ಕು ವರ್ಷದ ಗುಟ್ಟು ಅದು. ಗುಟ್ಟೇನು, ಯಾರೂ ಕೇಳಿರಲಿಲ್ಲ ಅಷ್ಟೆ.

ದ್ವೀಪದಲ್ಲಿ ಯಾರಾದರೂ ಸತ್ತು ಗೋರಿ ಇದ್ದರೆ ಅಳುವುದಕ್ಕೆ ಒಂದು ಜಾಗ ಇರುತ್ತದೆ. ಸಮುದ್ರ ನುಂಗಿದವರಿಗೆ ಗೋರಿ ಎಲ್ಲಿಂದ? ಅದಕ್ಕೆ ಅವರ ಹೆಸರನ್ನು ಒಂದು ದೋಣಿಯ ಮೇಲೆ ಬರೆಯುತ್ತಾರೆ. ದೋಣಿ ನೀರಿಗಿಳಿದು ಮೊದಲ ಮೀನು ತಂದ ದಿನ, ಆ ಮೀನನ್ನು ನೀರಿನ ಕಡೆ ಮುಖಮಾಡಿದ ಏಳು ಮನೆಗೆ ಒಯ್ದು ಕೊಡುತ್ತಾರೆ. ಮನೆಯವರು ಸತ್ತವನ ಹೆಸರು ಹಿಡಿದು, ಇಂಥವನ ಮೀನು ಬಂತು, ತಗೊಂಡೆ ಎಂದು ಹೇಳಬೇಕು. ಒಬ್ಬರು ಹೇಳಿದರೂ ಸಾಕು. ಊರು ಒಪ್ಪಿಕೊಂಡಿತು ಎಂದು ಅರ್ಥ. ಅಲ್ಲಿಯವರೆಗೂ ಹೆಂಡತಿ ಬಾಯಿ ತೆರೆದು ಅಳುವಂತಿಲ್ಲ, ಸಂಜೆ ಹೊತ್ತು ನೀರಿಗೆ ಮುಖಮಾಡಿ ಸುಮ್ಮನೆ ಕೂರಬೇಕು. ಅಂದಿನಿಂದ ಮನಸಾರೆ ಅಳಬಹುದು. ಏಳು ದಿನ ಅತ್ತು, ಎಂಟನೆಯ ದಿನ ಎದ್ದು ಕೆಲಸಕ್ಕೆ ಹೋಗಬೇಕು.

“ಆರು ವರ್ಷ ಆತು,” ಎಂದಳು ಹವ್ವಾ. “ದೋಣಿ ನೀರಿಗಿಳಿದಿಲ್ಲ. ಮೀನಿಲ್ಲ. ಜಾಬಿರ್ ಸತ್ತಾನೂ ಅಲ್ಲ, ಬದುಕ್ಯಾನೂ ಅಲ್ಲ. ಶುಕ್ರವಾರ ನನ್ನ ಒಯ್ತಾರ ಅಂತ ಚೀಟಿ ಬಂತು. ನಾ ಹೋದ್ರ ಅವನ ಹೆಸರು ಯಾರು ಒಯ್ಯಬೇಕು? ದೋಣಿ ಇಳೀದಿದ್ರೂ ಮೀನರ ಆಗಲಿ ಅಂತ ದಂಡಿ ಮ್ಯಾಲ ನಿಂತು ಗಾಳ ಹಾಕಿದೆ. ಏಳು ಸಿಕ್ಕು. ಏಳು ಮನಿಗೆ ಇಟ್ಟೆ. ಹೆಸರು ಹೇಳಾಕ ಹೆದರಿಕಿ ಆತು, ಓಡಿದೆ.”

“ಈಗ ಅಳು ಬರ್ತದೇನು?”

“ಬರ್ತದ. ಇಲ್ಲಿ ತನಕಾ.” ಗಂಟಲು ಮುಟ್ಟಿಕೊಂಡಳು. “ಕಿವಿ ಹಿಂದ ಚುಮುಚುಮು ಅಂತದ. ಹೋಗಿಬಿಡ್ತದ. ಸೀನು ಬಂದು ಬಂದು ಹೋದಂಗ. ದಿನಾ ಹತ್ತು ಸಲ.”

ದಾಕ್ಷಾಯಣಿ ಆ ತರಂಗದ ಪಟ್ಟಿಯನ್ನು ದಿನಾ ನೋಡುತ್ತಿದ್ದಳು. ಹತ್ತು ಸಲ ತರಂಗ ಹೋಗಿದೆ ಎಂದರೆ ಹತ್ತು ಸಲ ಚಿಕಿತ್ಸೆ ಯಶಸ್ವಿಯಾಗಿದೆ ಎಂದು ಅವಳೇ ವರದಿಯಲ್ಲಿ ಬರೆದಿದ್ದಳು. ಆ ಶಬ್ದಗಳು ಈಗ ನೆನಪಾಗಿ ನಾಚಿಕೆಯಿಂದ ಅವಳ ಕಿವಿ ಬಿಸಿಯಾಯಿತು.

ಮನೆಗಳ ಸಾಲಿನ ಕೊನೆಯಲ್ಲಿ ಹವ್ವಾ ಅವಳಿಗೆ ಇನ್ನೊಂದನ್ನು ತೋರಿಸಿದಳು. ಬೋರಲು ಹಾಕಿ, ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ, ಪಾತ್ರೆ ಒಣಗಿಸುವ ಕಟ್ಟೆಯಂತೆ ಬಳಸುತ್ತಿದ್ದ ಒಂದು ದೋಣಿ. ಕಾಲೊನಿಯ ಹಿರಿಯನಾದ ಅಲಿ ಮಣಿಕು ಎಂಬವನು ಮುರಿದುಹೋದ ಬಾಗಿಲು, ಕಿಟಕಿಗಳ ಹಲಗೆ ಕೂಡಿಸಿ ಮೂರು ವರ್ಷದಲ್ಲಿ ಕಟ್ಟಿದ್ದ. ಒಳಹಲಗೆಯ ಮೇಲೆ ನಲವತ್ತೊಂದು ಹೆಸರುಗಳು. ಮೂರನೆಯದು ಜಾಬಿರ್. ನೀರಿಗಿಳಿಸಲು ಮೀನುಗಾರಿಕೆಯ ಪರವಾನಗಿ ಬೇಕು. ಪರವಾನಗಿಗೆ ಅರವತ್ತು ಅಂಕ ಬೇಕು. ಕಾಲೊನಿಯ ದೊಡ್ಡವರಲ್ಲಿ ಅರವತ್ತು ದಾಟಿದವರು ಧಾಮದಿಂದ ಬಂದ ಆ ಇಬ್ಬರು ಮಾತ್ರ, ಅವರಿಗೆ ದೋಣಿ ಎಂದರೆ ಏನೆಂದು ಮತ್ತೆ ಹೇಳಿಕೊಡಬೇಕಾಗಿತ್ತು.

ಬುಧವಾರ ನಿರ್ದೇಶಕ ಡಾ. ಶ್ರೀವತ್ಸರ ಕೋಣೆಗೆ ಹೋದಾಗ ಅವರು ಸಹಭಾಗಿತ್ವ ದಿನದ ಫೋಟೋ ಆರಿಸುತ್ತಿದ್ದರು. ದ್ವೀಪದ ಹೆಂಗಸರಿಗೆ ಇಳಕಲ್ ಸೀರೆ ಉಡಿಸಿ, ಕೈಗೆ ಕೋಲು ಕೊಟ್ಟು, ಕೋಲಾಟ ಆಡಿಸಿದ ಫೋಟೋಗಳು. ಮೈಸೂರಿನ ಕಡೆಯ ಸಭ್ಯ ಮನುಷ್ಯ, ಎಂದೂ ದನಿ ಎತ್ತಿದವರಲ್ಲ. ದಾಕ್ಷಾಯಣಿ ದೋಣಿಯ ಕತೆಯನ್ನೆಲ್ಲ ಹೇಳಿ ಮುಗಿಸುವವರೆಗೂ ತಾಳ್ಮೆಯಿಂದ ಕೇಳಿದರು.

“ತುಂಬಾ ಚೆನ್ನಾಗಿದೆ ಕಣಮ್ಮ. ಜಾನಪದದವರಿಗೆ ಹೇಳಿ, ದಾಖಲೆ ಮಾಡ್ಕೊಳ್ಲಿ. ಆದ್ರೆ ಇಪ್ಪತ್ತಮೂರು ಅಂಕದ ಹೆಂಗಸನ್ನ ನೀರಿಗೆ ಬಿಟ್ರೆ, ಹಾರ್ಕೊಂಡ್ರೆ? ನಾಳೆ ಪೇಪರ್ನೋರು ನನ್ನ ಕೇಳ್ತಾರೆ, ನಿಮ್ಮನ್ನಲ್ಲ.”

“ಸರ್, ಅರವತ್ತಾಗಬೇಕು ಅಂದ್ರೆ ದೋಣಿ ಬೇಕು. ದೋಣಿ ಬೇಕು ಅಂದ್ರೆ ಅರವತ್ತಾಗಬೇಕು. ಇದು ಯಾವ ನ್ಯಾಯ?”

“ನ್ಯಾಯ ಅಲ್ಲ, ನಿಯಮ. ನೋಡಿ ಇಲ್ಲಿ.” ಗೋಡೆಯ ಪರದೆಯ ಮೇಲೆ ಒಂದು ಗೆರೆ ಇಳಿಜಾರಿನಲ್ಲಿ ಜಾರುತ್ತಿತ್ತು. “ನಾಲ್ಕು ವರ್ಷದಲ್ಲಿ ಕಾಲೊನಿಯಲ್ಲಿ ಅಳೋದು ನೂರಕ್ಕೆ ಎಂಬತ್ತೆರಡು ಭಾಗ ಕಡಿಮೆಯಾಗಿದೆ. ದೇಶದಲ್ಲಿ ಇನ್ಯಾರೂ ಈ ಸಾಧನೆ ಮಾಡಿಲ್ಲ. ಧಾಮ ಅಂದ್ರೆ ಜೈಲು ಅಂದ್ಕೊಬೇಡಿ, ಅಲ್ಲಿ ತರಂಗ ಸ್ವಲ್ಪ ಜಾಸ್ತಿ ಇರತ್ತೆ, ಅಷ್ಟೆ. ಶುಕ್ರವಾರ ಸಂಜೆ ಐದಕ್ಕೆ ವ್ಯಾನು ಬರತ್ತೆ. ಸಹಿ ಮಾಡಿಡಿ.”

ಮನುಷ್ಯ ಕೆಟ್ಟವನಾಗಿದ್ದರೆ ಬಯ್ಯಬಹುದಿತ್ತು. ಎದುರಿಗೆ ಇಷ್ಟು ಒಳ್ಳೆಯ ದನಿಯಲ್ಲಿ ಇಷ್ಟು ಕೆಟ್ಟ ಮಾತಾಡುವವರನ್ನು ಏನು ಮಾಡಬೇಕೋ ದಾಕ್ಷಾಯಣಿಗೆ ತಿಳಿಯಲಿಲ್ಲ. ಸತ್ತವರನ್ನು ನೆನೆಯುವುದು ರೋಗ, ಮರೆಯುವುದು ಆರೋಗ್ಯ. ಕೆಲಸ ಕೊಡದೆ ಕೂರಿಸಿ, ಯಾಕೆ ಸುಮ್ಮನೆ ಕೂತಿದ್ದೀರಿ ಎಂದು ಅಂಕ ಕಳೆಯುವುದು ಆರೈಕೆ. ಈ ಆರೈಕೆಗೆ ಅವಳು ನಾಲ್ಕು ವರ್ಷ ಕಾವಲು ಕೂತಿದ್ದಳು. ಸಿಟ್ಟು ಅವರ ಮೇಲೆ ಎಷ್ಟಿತ್ತೋ ತನ್ನ ಮೇಲೂ ಅಷ್ಟೇ ಇತ್ತು.

ಅದೇ ಸಿಟ್ಟಿನಲ್ಲಿ ಮನೆಗೆ ಬಂದು ಚಪ್ಪಲಿ ಒಂದು ಕಡೆ, ಬ್ಯಾಗು ಒಂದು ಕಡೆ ಎಸೆದಳು. ಈರವ್ವ ರೊಟ್ಟಿ ಬಡಿಯುತ್ತಿದ್ದಳು. ಕೇಳುವ ಮೊದಲೇ ಮಗಳು ಎಲ್ಲವನ್ನೂ ಒದರಿದಳು. ಮೀನು ಯಾಕೆ ಬಂತು, ಜಾಬಿರ್ ಯಾರು, ಲೈಸೆನ್ಸಿಲ್ಲದೆ ದೋಣಿ ಹೇಗೆ ಬೋರಲು ಬಿದ್ದಿದೆ, ಶುಕ್ರವಾರ ಏನಾಗುತ್ತದೆ, ಹವ್ವಾಳ ಮಗಳು ಎಲ್ಲಿಗೆ ಹೋಗುತ್ತಾಳೆ, ದೂರಿನಿಂದ ಎಷ್ಟು ಅಂಕ ಹೋಯಿತು. ಕೊನೆಯದನ್ನು ಹೇಳಬಾರದಿತ್ತು, ಆದರೂ ಹೇಳಿದಳು.

ಈರವ್ವನ ಕೈ ರೊಟ್ಟಿಯ ಮೇಲೆ ನಿಂತಿತು. ಹೆಂಚಿನ ಮೇಲಿನ ರೊಟ್ಟಿ ಸೀದು ಹೊಗೆ ಬಂದರೂ ಅವಳು ತೆಗೆಯಲಿಲ್ಲ.

“ದಿನಾ ನೀರಿನ ಕಡೆ ಮಾರಿ ಮಾಡಿ ಕುಂದರ್ತಾರ?”

“ಹೂಂ. ಅದಕ್ಕ ಅಂಕ ಕಳೀತಾರ.”

“ನಮ್ಮಪ್ಪ ಕುಂದರ್ತಿದ್ದ,” ಎಂದಳು ಈರವ್ವ. ದಾಕ್ಷಾಯಣಿ ತಾಯಿಯ ಬಾಯಲ್ಲಿ ಈ ಮಾತನ್ನು ಎಂದೂ ಕೇಳಿರಲಿಲ್ಲ. “ನಾ ಒಂಬತ್ತು ವರ್ಷದಾಕಿ ಇದ್ದೆ. ಹಳೇ ಬಾಗಲಕೋಟಿ ಮುಳುಗಡಿ ಆತು. ನಮ್ಮದು ಬಳಿ ಅಂಗಡಿ, ಹಿಂದ ಮನಿ, ಮನಿ ಹಿಂದ ನಮ್ಮ ತಮ್ಮನ ಗದ್ದಿಗಿ. ಸಣ್ಣ ಕೂಸು, ಹೂತಿದ್ವಿ. ಎಲ್ಲಾ ನೀರಾಗ ಹೋತು. ಈ ನವನಗರಕ್ಕ ಬಂದ ಮ್ಯಾಲ ಅಪ್ಪ ದಿನಾ ಸಂಜಿಕೆ ದಂಡಿಗೆ ಹೋಗಿ ಕುಂದರ್ತಿದ್ದ. ಮಾತಿಲ್ಲ, ಕತಿಯಿಲ್ಲ. ಹುಚ್ಚ ಬಳೆಗಾರ ಅಂತ ಹೆಸರಿಟ್ರು. ಹಂಗ ಅನ್ನಿಸಿಕೊಂಡು ಸತ್ತ. ಯಾಕ ಕುಂತೀಯಪಾ ಅಂತ ಒಬ್ಬ ಮಗ ಕೇಳಲಿಲ್ಲ ಅವನ್ನ. ನಾನೂ ಕೇಳಲಿಲ್ಲ. ನಂಗ ನಾಚಿಕಿ ಬರ್ತಿತ್ತು.”

ಸೀದ ರೊಟ್ಟಿಯನ್ನು ತೆಗೆದು ಒಲೆಯ ಪಕ್ಕಕ್ಕೆ ಒಗೆದಳು. ಅವಳ ಕಣ್ಣು ತುಂಬಿತ್ತು, ಆದರೆ ದನಿಯಲ್ಲಿ ಅಳುವಿರಲಿಲ್ಲ, ಹರಿತ ಇತ್ತು.

“ಲೈಸೆನ್ಸ ಯಾರಿಗಿ ಕೊಡ್ತಾರ?”

“ಅರವತ್ತು ಅಂಕ ಇದ್ದವರಿಗೆ. ಇಲ್ಲಾ ಊರವರಿಗೆ. ಮುಳುಗಡೆ ಸಂತ್ರಸ್ತರಿಗೆ ಮೊದಲ ಹಕ್ಕು ಅಂತ ಹಳೇ ಆದೇಶ ಐತಿ, ಯಾರೂ ತಗೊಳ್ಳೂದಿಲ್ಲ.”

“ಲೈಸೆನ್ಸ ಇದ್ದಾಂವಗ ಆಳು ಇಟಗೋಬಹುದಿಲ್ಲೊ? ಆಳಿಗೂ ಅಂಕ ಕೇಳ್ತಾರೇನು?”

ದಾಕ್ಷಾಯಣಿ ತಾಯಿಯ ಮುಖ ನೋಡಿದಳು. ನಿಯಮಾವಳಿಯ ಪುಟಗಳು ತಲೆಯಲ್ಲಿ ಸರಸರ ಹೊರಳಿದವು. ಆಳಿನ ಬಗ್ಗೆ ಒಂದಕ್ಷರವೂ ಇರಲಿಲ್ಲ. ದ್ವೀಪದವರಿಗೆ ಯಾವ ಊರವನಾದರೂ ದೋಣಿ ಕೊಡುತ್ತಾನೆ ಎಂಬುದು ನಿಯಮ ಬರೆದವರ ಕನಸಿನಲ್ಲೂ ಬಂದಿರಲಿಲ್ಲ.

ಗುರುವಾರ ಮೀನುಗಾರಿಕೆ ಕಚೇರಿಯಲ್ಲಿ ನಡೆದದ್ದನ್ನು ಅಲ್ಲಿಯ ಗುಮಾಸ್ತ ಮಲ್ಲೇಶಿ ಆಮೇಲೆ ವರ್ಷಗಟ್ಟಲೆ ಹೇಳಿಕೊಂಡು ತಿರುಗಿದ. ಹಣೆಯ ತುಂಬ ವಿಭೂತಿ ಹಚ್ಚಿಕೊಂಡ ಮುದುಕಿ, ಸಂತ್ರಸ್ತರ ಕಾರ್ಡು ಮೇಜಿನ ಮೇಲೆ ಬಡಿದು, ಮೀನು ಹಿಡಿಯುವ ಲೈಸೆನ್ಸು ಕೇಳಿದ್ದಳು.

“ಅಜ್ಜೀ, ನೀವು ಮೀನು ತಿಂತೀರೇನ್ರಿ?”

“ತಿನ್ನಾಂವ್ರಿಗಷ್ಟ ಕೊಡಬೇಕು ಅಂತ ಎಲ್ಲಿ ಬರದೈತಿ, ತೋರಸು. ನೀ ಎಮ್ಮಿ ಲೋನ ಕೊಡುವಾಗ ಹುಲ್ಲು ತಿಂತೀಯೇನು ಅಂತ ಕೇಳ್ತಿಯೇನು?”

“ಹಂಗಲ್ರೀ, ಮಠದಾಗ ಅಜ್ಜಾರಿಗೆ ಗೊತ್ತಾದ್ರ...”

“ಅಜ್ಜಾರಿಗೆ ನಾ ಹೇಳ್ತೀನಿ. ನಿನ್ನ ಸಾಹೇಬ ಬಂದು ಇಲ್ಲ ಅಂತ ಬರದು ಕೊಡಲಿ, ಮನಿಗೆ ಹೋಗ್ತೀನಿ. ಅಲ್ಲೀ ತನಕಾ ಈ ಕುರ್ಚಿ ಬಿಟ್ಟು ಏಳಂಗಿಲ್ಲ. ಮುಂಜಾನಿ ಉಂಡ ಬಂದೀನಿ.”

ಇಲ್ಲ ಎಂದು ಬರೆದು ಕೊಡುವ ಧೈರ್ಯ ಯಾವ ಸಾಹೇಬರಿಗೂ ಇರುವುದಿಲ್ಲ. ಮೂರು ಗಂಟೆಗೆ ಈರವ್ವ ಬೀಳಗಿಯ ಹೆಸರಿಗೆ ಒಂದು ದೋಣಿ, ಎರಡು ಆಳು, ಗಾಳ ಮಾತ್ರ ಎಂದು ಪರವಾನಗಿ ಬಂತು. ಕಾಗದವನ್ನು ಸೆರಗಿನಲ್ಲಿ ಕಟ್ಟಿಕೊಂಡು ಅವಳು ನೇರ ಕಾಲೊನಿಗೆ ಹೋದಳು. ಹವ್ವಾಳ ಮುಂದೆ ನಿಂತು ಏನು ಹೇಳಿದಳೋ ದಾಕ್ಷಾಯಣಿಗೆ ಗೊತ್ತಿಲ್ಲ. ಮನೆಗೆ ಬಂದಾಗ ಕಾಲಿಗೆ ಕೆಸರಾಗಿತ್ತು.

ಶುಕ್ರವಾರ ದಾಕ್ಷಾಯಣಿ ಎಂದಿನಂತೆ ವೀಕ್ಷಣಾ ಕೊಠಡಿಯಲ್ಲಿದ್ದಳು. ದಂಡೆಗೆ ಹೋಗಬೇಕೆಂದು ಮನಸ್ಸು ಎಳೆಯುತ್ತಿತ್ತು. ಆದರೆ ಅವಳ ಕೆಲಸ ಇಂದು ಇಲ್ಲೇ ಇತ್ತು. ಮೂರು ಗಂಟೆಗೆ ದೋಣಿ ನೀರಿಗಿಳಿಯಿತು. ನಾಲ್ಕುನೂರ ಹದಿನೇಳರ ಎದೆಬಡಿತ ಏರತೊಡಗಿತು. ನಾಲ್ಕೂವರೆಗೆ ಚುಕ್ಕೆ ಮತ್ತೆ ಕೆಂಪಾಯಿತು. ಕೆಂಪಾದ ಬಿಲ್ಲೆಯ ಸುತ್ತಲಿನ ಸದ್ದು ಕೊಠಡಿಗೆ ಕೇಳುವಂತೆ ವ್ಯವಸ್ಥೆ ಇತ್ತು. ಮೊದಲು ನೀರಿನ ಸದ್ದು, ಜನರ ಗುಜುಗುಜು. ಆಮೇಲೆ ಅವಳ ತಾಯಿಯ ದನಿ.

“ಕೊಡವಾ ಇತ್ತಾಗ. ತಾಟಿನ್ಯಾಗ ಹಾಕು. ಕಣ್ಣು ತಗದೈತೇನದು? ಶಿವನ! ಇರು, ನಾ ಆ ಕಡಿ ನೋಡ್ತೀನಿ. ಹಾಂ, ಹಾಕಿದೇನು? ಏನಂದಿ ಅವನ ಹೆಸರು?”

“ಜಾಬಿರ್.”

ಆಮೇಲೆ ಈರವ್ವ ಗಂಟಲು ಸರಿಮಾಡಿಕೊಂಡು, ಮದುವೆಯಲ್ಲಿ ಮುಯ್ಯಿ ಓದುವವರಂತೆ ಇಡೀ ದಂಡೆಗೆ ಕೇಳುವ ಹಾಗೆ ಕೂಗಿದಳು.

“ಜಾಬೀರಪ್ಪನ ಮೀನು ಬಂತವಾ! ತಗೊಂಡೆ!”

ಹವ್ವಾಳ ಬಾಯಿಂದ ಬಂದ ಸದ್ದನ್ನು ದಾಕ್ಷಾಯಣಿ ಈ ಕೊಠಡಿಯಲ್ಲಿ ಎಂದೂ ಕೇಳಿರಲಿಲ್ಲ. ಪರದೆಯ ಮೇಲೆ ತಕ್ಷಣ ತರಂಗದ ಗುರುತು ಮಿನುಗಿತು. ಅಳು ಕತ್ತರಿಸಿದಂತೆ ನಿಂತಿತು. ಮತ್ತೆ ಎದ್ದಿತು. ಮತ್ತೆ ತರಂಗ. ಆರು ವರ್ಷ ಕಾದು ಬಾಯಿ ತೆರೆದ ಹೆಂಗಸಿನ ಬಾಯನ್ನು ಯಂತ್ರ ಕೈಯಿಟ್ಟು ಮುಚ್ಚುತ್ತಿತ್ತು.

ದಾಕ್ಷಾಯಣಿ ಹವ್ವಾಳ ತರಂಗ ನಿಲ್ಲಿಸಿದಳು. ಕೂಡಲೇ ಪಕ್ಕದ ಚುಕ್ಕೆ ಕೆಂಪಾಯಿತು. ಅದರ ಪಕ್ಕದ್ದು. ಆಮೇಲೆ ಇಪ್ಪತ್ತು, ಐವತ್ತು. ದಂಡೆಯ ಮೇಲೆ ಈರವ್ವ ಒಂದೊಂದೇ ಹೆಸರು ಕೇಳಿ ಕೇಳಿ ಕೂಗುತ್ತಿದ್ದಳು, ಅವಳ ಹಿಂದೆ ಈಗ ಬೇರೆ ದನಿಗಳೂ ಸೇರಿದ್ದವು. ಪಾಟೀಲರ ಸೊಸೆಯದೂ ಅದರಲ್ಲಿದ್ದಂತೆ ಕೇಳಿತು. ದಾಕ್ಷಾಯಣಿ ಎಲ್ಲ ಬಿಲ್ಲೆಗಳನ್ನೂ ಒಟ್ಟಿಗೆ ಆರಿಸಿ, ತಪಾಸಣೆಗಾಗಿ ತರಂಗ ಸ್ಥಗಿತ ಎಂದು ಒತ್ತಿದಳು. ಕೊಠಡಿ ಅಳುವಿನಿಂದ ತುಂಬಿಹೋಯಿತು.

ಬಾಗಿಲು ಧಡಾರನೆ ತೆರೆದು ಶ್ರೀವತ್ಸರು ಬಂದರು. ಮೊದಲ ಸಲ ಅವರ ದನಿ ಏರಿತ್ತು.

“ಏನ್ರೀ ಇದು? ಆ ಹೆಂಗಸಿನ ಅಂಕ ಹನ್ನೊಂದು! ಈ ಮಂಡಳಿಯಲ್ಲಿ ಇಷ್ಟು ಕಡಿಮೆ ಯಾರಿಗೂ ಬಂದಿಲ್ಲ. ನಿಮ್ಮ ದೋಣಿ ಅವಳನ್ನ ಮುಳುಗಿಸ್ತು, ನೋಡಿ! ತರಂಗ ಆನ್ ಮಾಡಿ. ವ್ಯಾನು ಬಾಗಿಲಲ್ಲಿದೆ. ಸಹಿ ಹಾಕಿ.”

“ಹಾಕಲ್ಲ ಸರ್.”

“ಕೆಲಸ ಹೋಗತ್ತೆ ನಿಮ್ಮದು.”

“ಹೋಗ್ಲಿ ಸರ್. ಬೇರೆ ಕ್ಷೇತ್ರಾಧಿಕಾರಿ ಬಂದು ಅಧಿಕಾರ ತಗೊಳ್ಳೋಕೆ ಹದಿನೈದು ದಿನ ಬೇಕು. ಇವರಿಗೆ ಏಳು ದಿನ ಸಾಕು.”

“ಏಳು ದಿನ ಏತಕ್ಕೆ?”

ಅವಳು ಪರದೆಯ ಕಡೆ ತಿರುಗಿದಳು. ಸಹಿ ನಿರಾಕರಿಸಿದರೆ ನಿರಾಕರಣೆಯ ಪತ್ರ ತುಂಬಬೇಕೆಂದು ಯಂತ್ರ ಕೇಳುತ್ತಿತ್ತು. ಅಂಕ ಕುಸಿಯಲು ಕಾರಣ ಏನು, ಆರಿಸಿ: ನಿದ್ರಾಹೀನತೆ, ಭಾಷೆಯ ತೊಡಕು, ಕೌಟುಂಬಿಕ ಕಲಹ, ಸ್ಥಳೀಯರೊಂದಿಗೆ ಘರ್ಷಣೆ, ಯಂತ್ರದೋಷ, ಇತರೆ. ಮನೆ ಮಠ, ಊರು ಕೇರಿ, ಕಾಲಡಿಯ ನೆಲ ಸಮೇತ ಕಳೆದುಕೊಂಡು ಬಂದವರಿಗಾಗಿ ಮಾಡಿದ ಪಟ್ಟಿ ಅದು. ಸಾವು ಎಂಬ ಶಬ್ದ ಅದರಲ್ಲಿ ಎಲ್ಲೂ ಇರಲಿಲ್ಲ. ಪಟ್ಟಿ ಮಾಡಿದವರಿಗೆ ಅದು ಹೊಳೆದೇ ಇರಲಿಲ್ಲ.

ದಾಕ್ಷಾಯಣಿ ‘ಇತರೆ’ ಒತ್ತಿ ಬರೆದಳು: ಆರು ವರ್ಷದ ಹಿಂದೆ ಗಂಡ ಸತ್ತ. ಇವತ್ತು ಅಳುತ್ತಿದ್ದಾಳೆ.

ಕೆಳಗೆ ಇನ್ನೊಂದು ಸಾಲು ತೆರೆದುಕೊಂಡಿತು. ಶಿಫಾರಸು ಮಾಡುವ ಚಿಕಿತ್ಸೆ ಏನು?

ಹಿಂದೆ ನಿಂತು ಶ್ರೀವತ್ಸರು ಏನೋ ಹೇಳುತ್ತಿದ್ದರು. ಆರುನೂರು ಜನರ ಅಳುವಿನಲ್ಲಿ ಅದು ಅವಳಿಗೆ ಕೇಳಿಸಲಿಲ್ಲ.

ಅಳಲಿ ಬಿಡಿ, ಎಂದು ಬರೆದಳು.